ಮಾವನವರ ಕಪಾಟಿನ ಹಳೆಯ ಪುಸ್ತಕಗಳಿಂದ ಬರವಣಿಗೆ ಸುಧಾರಿಸುತ್ತದಾ?

ಪ್ರಶ್ನೆ: ನಾನು ಶಿವಮೊಗ್ಗದವಳು. ಸರ್ಕಾರಿ ಶಾಲೆಗಳ ಜೊತೆ ಕೆಲಸ ಮಾಡುವ ಸ್ವಯಂಸೇವಾ ಸಂಸ್ಥೆಯೊಂದರಲ್ಲಿದ್ದೇನೆ. ಶಾಲೆಗಳಿಗೆ ಹೋಗಿಬಂದು ಕನ್ನಡದಲ್ಲಿ ವರದಿ ಬರೆಯಬೇಕು. ಹಣ ಕೊಡುವವರಿಗೆ ಅದನ್ನೇ ಇಂಗ್ಲಿಷಿನಲ್ಲಿ ಬರೆದು ಕಳಿಸಬೇಕು. ಎರಡೂ ‘ತಾಲ್ಲೂಕು ಆಫೀಸಿನ ಕಾಗದದ ಹಾಗಿವೆ’ ಅಂತ ನಮ್ಮ ಮೇಡಂ ಹೇಳುತ್ತಾರೆ. ನಮ್ಮ ಮಾವನವರು ಹೈಸ್ಕೂಲ್ ಮೇಷ್ಟರಾಗಿದ್ದವರು. ಅವರ ಕಪಾಟಿನಲ್ಲಿ ರೆನ್ ಅಂಡ್ ಮಾರ್ಟಿನ್ ಇಂಗ್ಲಿಷ್ ವ್ಯಾಕರಣ, ಇಂಗ್ಲಿಷ್ ಬರವಣಿಗೆಯ ಬಗ್ಗೆ ಸ್ಟ್ರಂಕ್ ಅವರ ಪುಟ್ಟ ಪುಸ್ತಕ, ಗವರ್ಸ್ ಅವರ ‘ಪ್ಲೇನ್ ವರ್ಡ್ಸ್’, ತೀನಂಶ್ರೀ ಅವರ ಕನ್ನಡ ಮಧ್ಯಮ ವ್ಯಾಕರಣ, ಕೇಶಿರಾಜನ ಶಬ್ದಮಣಿದರ್ಪಣ ಎಲ್ಲ ಇವೆ. ಮೂರು ತಿಂಗಳಿಂದ ರೆನ್ ಅಂಡ್ ಮಾರ್ಟಿನ್‌ನ ಅಭ್ಯಾಸಗಳನ್ನು ಮಾಡುತ್ತಿದ್ದೇನೆ. ಉತ್ತರ ಸರಿ ಬರುತ್ತದೆ, ವರದಿ ಮಾತ್ರ ಹಾಗೇ ಇದೆ. ‘ಇವನ್ನೆಲ್ಲ ರದ್ದಿಗೆ ಹಾಕು, ಈಗ ಎಐ ಇದೆ’ ಎನ್ನುತ್ತಾರೆ ಯಜಮಾನರು. ಯಾವುದನ್ನು ಓದಲಿ, ಹೇಗೆ ಓದಲಿ? ಒಂಬತ್ತನೇ ಕ್ಲಾಸಿನ ಮಗಳಿಗೂ ಕೊಡಬಹುದಾ? ನನ್ನ ವರದಿಯ ಒಂದು ತುಣುಕನ್ನೂ ಜೊತೆಗಿಟ್ಟಿದ್ದೇನೆ.

ಉತ್ತರ: ನಿಮ್ಮ ಪತ್ರ ಓದಿದಾಗ ಮೊದಲು ಗಮನಿಸಿದ್ದು ಒಂದು ವಿಷಯ. ಪತ್ರ ಚೆನ್ನಾಗಿದೆ. ಚಿಕ್ಕ ವಾಕ್ಯ, ನೇರ ಮಾತು. ಜೊತೆಗಿಟ್ಟ ವರದಿಯ ತುಣುಕು ಬೇರೆ ಯಾರೋ ಬರೆದ ಹಾಗಿದೆ. ಅಂದರೆ ನಿಮಗೆ ಬರೆಯಲು ಬರುವುದಿಲ್ಲ ಎಂದಲ್ಲ. ‘ವರದಿ’ ಎಂದ ಕೂಡಲೇ ನೀವು ದನಿ ಬದಲಿಸುತ್ತೀರಿ. ವರ್ಷಗಟ್ಟಲೆ ಬೇರೆಯವರ ಬರವಣಿಗೆಯನ್ನು ತಿದ್ದುವ ಕೆಲಸದಲ್ಲಿ ನಾನು ಅತಿ ಹೆಚ್ಚು ಕಂಡ ತೊಂದರೆ ಇದೇ. ಇದಕ್ಕೆ ವ್ಯಾಕರಣದ ಅಭ್ಯಾಸ ಮದ್ದಲ್ಲ. ಹಾಗಂತ ಆ ಕಪಾಟು ರದ್ದಿಗೆ ಹಾಕುವಂಥದ್ದೂ ಅಲ್ಲ.

ಹಳೆಯ ಪುಸ್ತಕಗಳ ಬಗ್ಗೆ ಎರಡು ನಂಬಿಕೆಗಳು ಓಡಾಡುತ್ತವೆ. ಹಳೆಯದರಲ್ಲಿ ಇರುವುದೇ ಶುದ್ಧ ಭಾಷೆ, ಈಗಿನವರು ಕೆಡಿಸಿದ್ದಾರೆ ಎನ್ನುವುದು ಒಂದು. ಅವೆಲ್ಲ ಬರೀ ಕಟ್ಟುನಿಟ್ಟಿನ ನಿಯಮ, ಈ ಕಾಲಕ್ಕೆ ಬೇಡ ಎನ್ನುವುದು ಇನ್ನೊಂದು. ಎರಡೂ ತಪ್ಪು. ಹಾಗೆ ಹೇಳುವವರಲ್ಲಿ ಹೆಚ್ಚಿನವರು ಆ ಪುಸ್ತಕಗಳನ್ನು ಬಿಡಿಸಿ ನೋಡಿಲ್ಲ.

ಇಂಗ್ಲಿಷ್ ವಾಕ್ಯವನ್ನು ‘ಆಫ್’, ‘ವಿತ್’, ‘ಟು’ ಇಂಥ ಪದದಿಂದ ಮುಗಿಸಬಾರದು ಅಂತ ನಮ್ಮ ಮೇಷ್ಟರುಗಳು ಹೇಳಿಕೊಟ್ಟಿದ್ದರು, ಅಲ್ವಾ? ಅದು ಹಳೆಯ ಕಾಲದ ಶಿಸ್ತು ಅಂತಲೇ ಎಲ್ಲರೂ ತಿಳಿದಿದ್ದಾರೆ. ಆದರೆ 1926ರಲ್ಲಿ ಬಂದ ಫೌಲರ್ ಎಂಬ ಇಂಗ್ಲಿಷ್ ಕೋಶಕಾರರ ಪದಬಳಕೆಯ ಕೋಶ ಅದನ್ನು ಮೂಢನಂಬಿಕೆ ಎಂದೇ ಕರೆಯಿತು. ‘ಟು’ ಮತ್ತು ಕ್ರಿಯಾಪದದ ನಡುವೆ ಇನ್ನೊಂದು ಪದ ತರಬಾರದು ಎಂಬ ನಿಯಮವನ್ನೂ ಫೌಲರ್ ಕಣ್ಣುಮುಚ್ಚಿ ಒಪ್ಪಲಿಲ್ಲ. ಹಳೆಯ ಪುಸ್ತಕದಲ್ಲಿ ಇಲ್ಲದ ನಿಯಮಕ್ಕೆ ಹಳೆಯ ಪುಸ್ತಕದ ಹೆಸರು ಹೇಳುವುದು ತುಂಬ ನಡೆದಿದೆ.

ಇನ್ನು ಉಲ್ಟಾ ಉದಾಹರಣೆ. ಸ್ಟ್ರಂಕ್ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದವರು. 1918ರಲ್ಲಿ ತಮ್ಮ ವಿದ್ಯಾರ್ಥಿಗಳಿಗಾಗಿ ನಲವತ್ತಮೂರು ಪುಟದ ಪುಸ್ತಕ ಅಚ್ಚು ಹಾಕಿಸಿದರು. ಬೇಡದ ಪದ ಬಿಡಿ ಎನ್ನುವ ಪ್ರಸಿದ್ಧ ಮಾತು ಅದರಲ್ಲಿದೆ. ‘ಸಿಕ್ಸ್ ಪೀಪಲ್’ ಎನ್ನಬಾರದು, ‘ಸಿಕ್ಸ್ ಪರ್ಸನ್ಸ್’ ಎನ್ನಬೇಕು ಎನ್ನುವ ಮಾತೂ ಅದರಲ್ಲೇ ಇದೆ. ಹೆಂಗಸರೂ ಗಂಡಸರೂ ಸೇರಿರುವ ಗುಂಪಾದರೂ, ‘ಪ್ರತಿಯೊಬ್ಬರೂ’ ಎಂಬರ್ಥದ ಪದದ ನಂತರ ‘ಹಿ’ ಎಂದೇ ಬರೆಯಬೇಕು ಎಂದೂ ಇದೆ. ಮೊದಲನೆಯ ಮಾತು ಈಗಲೂ ಚಿನ್ನ. ಮಿಕ್ಕ ಎರಡನ್ನು ಈಗ ಪಾಲಿಸಿದರೆ ನಿಮ್ಮ ಇಂಗ್ಲಿಷ್ ವಿಚಿತ್ರವಾಗಿ ಕಾಣುತ್ತದೆ. ಒಂದೇ ಪುಸ್ತಕ, ಒಂದೇ ಲೇಖಕ. ಹಾಗಾದರೆ ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಅಂತ ತಿಳಿಯುವುದು ಹೇಗೆ?

ನಾನು ಅನುಸರಿಸುವ ದಾರಿ ಹೇಳುತ್ತೇನೆ. ಪ್ರತಿ ಪುಸ್ತಕ ಕೈಗೆ ತೆಗೆದುಕೊಂಡಾಗ ‘ಇದನ್ನು ಯಾರಿಗಾಗಿ ಬರೆದರು, ಅವರಿಗಿದ್ದ ತೊಂದರೆ ಏನು’ ಎಂದು ಕೇಳಿಕೊಳ್ಳಿ. ಬರವಣಿಗೆಯ ಕೈಪಿಡಿ ಎಂದರೆ ಇನ್ನೊಬ್ಬರಿಗೆ ಬರೆದುಕೊಟ್ಟ ಔಷಧಿ ಚೀಟಿ. ಅವರ ಕಾಯಿಲೆ, ನಿಮ್ಮ ಕಾಯಿಲೆ ಒಂದೇ ಆಗಿದ್ದರೆ ಮಾತ್ರ ಅದು ನಿಮಗೆ ಹಿಡಿಸುತ್ತದೆ.

ರೆನ್ ಅಂಡ್ ಮಾರ್ಟಿನ್ ನೋಡಿ. 1930ರ ದಶಕದಲ್ಲಿ, ಭಾರತದಲ್ಲಿದ್ದ ಬ್ರಿಟಿಷ್ ಅಧಿಕಾರಿಗಳ ಮಕ್ಕಳನ್ನು ಮುಖ್ಯವಾಗಿ ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು. ಆಮೇಲೆ ಅದು ನಮ್ಮೆಲ್ಲರ ಶಾಲೆಗಳಿಗೆ ಬಂತು, ಪರೀಕ್ಷೆಯ ಜೊತೆ ಗಟ್ಟಿಯಾಗಿ ಅಂಟಿಕೊಂಡಿತು. ಖಾಲಿ ಜಾಗ ತುಂಬುವುದು, ಕರ್ತರಿಯನ್ನು ಕರ್ಮಣಿ ಮಾಡುವುದು, ತಪ್ಪಿದ್ದರೆ ತಿದ್ದುವುದು ಅದರ ರೀತಿ. ಇದು ಒಂದು ವಾಕ್ಯದ ಒಳಗಿನ ಕೆಲಸ. ನಿಮ್ಮ ಒಂಟಿ ವಾಕ್ಯಗಳಲ್ಲಿ ವ್ಯಾಕರಣದ ತಪ್ಪೇ ಇಲ್ಲ. ಮೂರು ತಿಂಗಳು ಮಾಡಿದರೂ ವರದಿ ಬದಲಾಗದಿರುವುದಕ್ಕೆ ಕಾರಣ ಇಷ್ಟೇ: ಆ ಪುಸ್ತಕ ಗುಣಪಡಿಸುವ ಕಾಯಿಲೆ ನಿಮಗಿಲ್ಲ.

ಗವರ್ಸ್ ಕತೆ ಬೇರೆ. ಅವರು ಸ್ವತಃ ಬ್ರಿಟನ್ನಿನ ಸರ್ಕಾರಿ ಅಧಿಕಾರಿ. ಎರಡನೇ ಮಹಾಯುದ್ಧ ಮುಗಿದ ಮೇಲೆ, ಸರ್ಕಾರಿ ಕಾಗದಗಳು ಜನಕ್ಕೆ ಅರ್ಥವಾಗುವಂತೆ ಮಾಡಲು ಅಲ್ಲಿನ ಖಜಾನೆ ಇಲಾಖೆ ಅವರಿಂದ ಪುಸ್ತಕ ಬರೆಸಿತು. ಅದು 1948ರಲ್ಲಿ ಬಂತು. ಗುಮಾಸ್ತರು, ಅಧಿಕಾರಿಗಳು ಎದುರಿಗಿರುವ ಮನುಷ್ಯನನ್ನು ಮರೆತು ಕಡತಕ್ಕಾಗಿ ಬರೆಯುತ್ತಾರೆ ಎನ್ನುವುದು ಅವರು ಹಿಡಿದ ಕಾಯಿಲೆ. ನಿಮ್ಮ ಮೇಡಂ ಹೇಳಿದ್ದೂ ಅದನ್ನೇ. ಕಪಾಟಿನಲ್ಲಿ ನಿಮಗಾಗಿಯೇ ಬರೆದಂತಿರುವ ಪುಸ್ತಕ ಅದು, ನೀವು ಇನ್ನೂ ತೆರೆದಿಲ್ಲ.

ಈ ಕಾಯಿಲೆ ಕನ್ನಡಕ್ಕೆ ಬಂದ ದಾರಿಯನ್ನೂ ತಿಳಿದಿರಿ. 1963ರ ಆಡಳಿತ ಭಾಷಾ ಕಾಯ್ದೆಯ ನಂತರ ನಮ್ಮ ಕಡತಗಳು ನಿಧಾನವಾಗಿ ಕನ್ನಡಕ್ಕೆ ಬಂದವು. ಪದಗಳು ಕನ್ನಡವಾದವು, ವಾಕ್ಯದ ಚೌಕಟ್ಟು ಬಹುಮಟ್ಟಿಗೆ ಇಂಗ್ಲಿಷ್ ಕಡತದ್ದೇ ಉಳಿಯಿತು. ‘ಗಮನಿಸಲಾಗಿದೆ’, ‘ಕ್ರಮ ಕೈಗೊಳ್ಳಲಾಗುವುದು’, ‘ಈ ಮೂಲಕ ಕೋರುವುದೇನೆಂದರೆ’ ಎಲ್ಲ ಆ ಅಚ್ಚಿನಿಂದ ಬಂದವು. ಅಂಥ ಕಾಗದ ಓದುತ್ತಾ ಓದುತ್ತಾ ‘ಮರ್ಯಾದೆಯ ಬರವಣಿಗೆ ಅಂದರೆ ಹೀಗೇ’ ಎಂದು ಕೈಗೆ ಅಭ್ಯಾಸವಾಗಿಬಿಡುತ್ತದೆ.

ಈಗ ನಿಮ್ಮ ತುಣುಕಿಗೆ ಬರೋಣ. ನೀವು ಬರೆದಿದ್ದೀರಿ:

“ಸದರಿ ಶಾಲೆಗೆ ಸಂಬಂಧಿಸಿದಂತೆ ಹೇಳುವುದಾದರೆ, ಕುಡಿಯುವ ನೀರಿನ ವ್ಯವಸ್ಥೆಯ ಕೊರತೆ ಇರುವುದು ಕಂಡುಬಂದಿದ್ದು, ಈ ಬಗ್ಗೆ ಮುಖ್ಯೋಪಾಧ್ಯಾಯರ ಗಮನಕ್ಕೆ ತರಲಾಗಿರುತ್ತದೆ ಹಾಗೂ ಮುಂದಿನ ದಿನಗಳಲ್ಲಿ ಸೂಕ್ತ ಕ್ರಮ ಕೈಗೊಳ್ಳಲಾಗುವುದು ಎಂಬುದಾಗಿ ತಿಳಿಸಿರುತ್ತಾರೆ.”

ಸ್ಟ್ರಂಕ್ ಹೇಳಿದ ಹಾಗೆ ಬೇಡದ ಪದ ತೆಗೆಯುತ್ತಾ ಹೋಗೋಣ. ಯಾವ ಶಾಲೆ ಎಂದು ವರದಿಯ ತಲೆಬರಹದಲ್ಲೇ ಇದೆ, ಹಾಗಾಗಿ ‘ಸದರಿ’ ಬೇಡ. ‘ಸಂಬಂಧಿಸಿದಂತೆ ಹೇಳುವುದಾದರೆ’ ಬೇಡ, ಹೇಳುತ್ತಲೇ ಇದ್ದೀರಿ. ‘ವ್ಯವಸ್ಥೆಯ ಕೊರತೆ ಇರುವುದು ಕಂಡುಬಂದಿದ್ದು’ ಎಂಬಲ್ಲಿಗೆ ಬಂದಾಗ ನನ್ನ ಪೆನ್ನು ನಿಂತಿತು. ಇದನ್ನು ಹೇಗೆ ಚಿಕ್ಕದು ಮಾಡಲಿ? ನೀರೇ ಇಲ್ಲವಾ? ನೀರಿದೆ, ಸಾಲುವುದಿಲ್ಲವಾ? ಟ್ಯಾಂಕ್ ಇದೆ, ನಲ್ಲಿ ಮುರಿದಿದೆಯಾ? ‘ಕೊರತೆ’ ಎಂಬ ಪದ ಮೂರನ್ನೂ ಮುಚ್ಚಿಡುತ್ತದೆ. ‘ತರಲಾಗಿರುತ್ತದೆ’ ಎಂದಾಗ ಯಾರು ಹೇಳಿದರು, ಯಾವಾಗ ಹೇಳಿದರು ಎನ್ನುವುದು ಮಾಯ. ‘ಮುಂದಿನ ದಿನಗಳಲ್ಲಿ’ ಎಂದರೆ ಯಾವಾಗ? ‘ಸೂಕ್ತ ಕ್ರಮ’ ಎಂದರೆ ಏನು?

ನಲ್ಲಿ ಮುರಿದಿದೆ ಎಂದೇ ಇಟ್ಟುಕೊಂಡರೆ, ನಾನು ಹೀಗೆ ಬರೆಯುತ್ತೇನೆ:

“ಶಾಲೆಯ ಟ್ಯಾಂಕಿನಲ್ಲಿ ನೀರಿದೆ, ನಲ್ಲಿಗಳು ಮುರಿದಿವೆ. ಮಕ್ಕಳು ಮನೆಯಿಂದ ಬಾಟಲಿಯಲ್ಲಿ ನೀರು ತರುತ್ತಾರೆ. ಮುಖ್ಯೋಪಾಧ್ಯಾಯರಿಗೆ ಹೇಳಿದೆವು. ರಿಪೇರಿ ಮಾಡಿಸುತ್ತೇವೆ ಎಂದರು, ಯಾವಾಗ ಎಂದು ಹೇಳಲಿಲ್ಲ.”

ಎರಡನೆಯದು ಓದಿದವರು ಮುಂದಿನ ತಿಂಗಳು ಫೋನ್ ಮಾಡಿ ‘ನಲ್ಲಿ ಹಾಕಿಸಿದಿರಾ ಸರ್’ ಎಂದು ಕೇಳಬಹುದು. ಮೊದಲನೆಯದನ್ನು ಓದಿ ಏನು ಕೇಳುತ್ತಾರೆ? ಪದ ಕಡಿಮೆ ಮಾಡಿದ್ದು ಅಂದಕ್ಕಲ್ಲ. ಪದ ತೆಗೆದಾಗ, ಶಾಲೆಯಲ್ಲಿ ನೀವು ಏನನ್ನು ಕೇಳಬೇಕಿತ್ತು ಎನ್ನುವುದು ಕಾಣಿಸುತ್ತದೆ. ಮುಂದಿನ ಸಲ ಹೋದಾಗ ಟ್ಯಾಂಕ್ ನೋಡುತ್ತೀರಿ, ನಲ್ಲಿ ತಿರುಗಿಸುತ್ತೀರಿ, ದಿನಾಂಕ ಕೇಳುತ್ತೀರಿ. ಇದಕ್ಕೇ ನನಗೆ ಆ ಹಳೆಯ ಪುಸ್ತಕಗಳ ಮೇಲೆ ಅಷ್ಟು ಪ್ರೀತಿ. ಒಳ್ಳೆಯ ಕೈಪಿಡಿ ಬರವಣಿಗೆಯನ್ನು ಅಲ್ಲಿಗೇ ಬಿಡದೆ ನೋಡುವ ಕಣ್ಣನ್ನೂ ತಿದ್ದುತ್ತದೆ.

ಇಲ್ಲಿ ಒಂದು ಎಚ್ಚರಿಕೆ. ಇಂಗ್ಲಿಷ್ ಕೈಪಿಡಿಯ ಎಲ್ಲ ಮಾತನ್ನೂ ಕನ್ನಡಕ್ಕೆ ಹಾಗೇ ತರಲು ಹೋಗಬೇಡಿ. ‘ವಾಕ್ಯ ಚಿಕ್ಕದಿರಲಿ’ ಎನ್ನುವುದನ್ನೇ ತೆಗೆದುಕೊಳ್ಳಿ. ‘ಬೆಳಿಗ್ಗೆ ಎದ್ದು, ಬಸ್ ಹಿಡಿದು, ಶಾಲೆಗೆ ಹೋಗಿ, ಮಕ್ಕಳ ಜೊತೆ ಊಟ ಮಾಡಿ, ಅಡುಗೆಯವರನ್ನು ಮಾತಾಡಿಸಿ ಬಂದೆವು.’ ಎಷ್ಟು ಕೆಲಸ ಒಂದೇ ವಾಕ್ಯದಲ್ಲಿ! ಯಾರಿಗೂ ಓದಲು ಕಷ್ಟವಿಲ್ಲ. ಏಕೆಂದರೆ ಮಾಡಿದವರು ಎಲ್ಲ ಕಡೆ ಒಬ್ಬರೇ. ಈಗ ಇದನ್ನು ನೋಡಿ: ‘ಕಟ್ಟಡವು ಹಳೆಯದಾಗಿದ್ದು, ಶಿಕ್ಷಕರು ಇಬ್ಬರೇ ಇದ್ದು, ಮಕ್ಕಳ ಹಾಜರಾತಿ ಕಡಿಮೆಯಾಗಿದ್ದು, ಪೋಷಕರು ದೂರು ನೀಡಿದ್ದಾರೆ.’ ಇದರಲ್ಲಿ ಪದಗಳು ಮೊದಲನೆಯದಕ್ಕಿಂತ ಕಡಿಮೆ. ಆದರೂ ಮುಗ್ಗರಿಸುತ್ತದೆ. ಪ್ರತಿ ‘ಇದ್ದು’ಗೂ ಆಳು ಬದಲಾಗುತ್ತಾನೆ, ಯಾವುದು ಯಾವುದಕ್ಕೆ ಕಾರಣ ಎಂದು ತಿಳಿಯುವುದಿಲ್ಲ. ದೂರು ಯಾತಕ್ಕೆ? ಕಟ್ಟಡಕ್ಕೋ ಶಿಕ್ಷಕರಿಗೋ? ಕನ್ನಡದಲ್ಲಿ ವಾಕ್ಯದ ಉದ್ದ ಅಷ್ಟು ಮುಖ್ಯವಲ್ಲ. ನಡುವೆ ಕರ್ತೃ ಬದಲಾಯಿತಾ ಎಂದು ನೋಡಿ. ಬದಲಾದರೆ ಅಲ್ಲೇ ಪೂರ್ಣವಿರಾಮ ಹಾಕಿ. ಇದು ಸ್ಟ್ರಂಕ್‌ಗೆ ಗೊತ್ತಿರಲು ಸಾಧ್ಯವಿಲ್ಲ. ಕನ್ನಡ ವ್ಯಾಕರಣದಲ್ಲಿ ‘ಮಾಡಿ, ಮಾಡುತ್ತ, ಮಾಡಲು’ ಎನ್ನುವ ಕೃದಂತಾವ್ಯಯಗಳ ಭಾಗ ಓದಿ, ಅಲ್ಲಿಂದ ಹೊಳೆಯುತ್ತದೆ. ತೀನಂಶ್ರೀ ಅವರ ಪುಸ್ತಕದಲ್ಲಿ ನಿಮಗೆ ಕೂಡಲೇ ಬೇಕಾದದ್ದು ಇದೊಂದೇ. ಸಂಧಿ, ಸಮಾಸ ಸದ್ಯಕ್ಕೆ ಕಾಯಲಿ.

ಕರ್ತರಿ ಪ್ರಯೋಗದ ವಿಷಯದಲ್ಲೂ ಹೀಗೇ. ಕರ್ಮಣಿ ಬೇಡ ಎನ್ನುವ ಬುದ್ಧಿಮಾತಿಗೆ ಸ್ಟ್ರಂಕ್ ಪುಸ್ತಕ ಹೆಸರುವಾಸಿ. ಆದರೆ ಅಲ್ಲಿ ಕೊಟ್ಟ ನಾಲ್ಕು ತಪ್ಪು ಉದಾಹರಣೆಗಳಲ್ಲಿ ಮೂರು ಕರ್ಮಣಿಯೇ ಅಲ್ಲ ಎಂದು ಭಾಷಾಶಾಸ್ತ್ರಜ್ಞ ಜೆಫ್ರಿ ಪುಲಮ್ 2009ರಲ್ಲಿ ತೋರಿಸಿದರು. ಅವರ ಮಾತು ನ್ಯಾಯವಾದದ್ದು. ಹಾಗಾಗಿ ‘ಕರ್ಮಣಿ ಕಂಡರೆ ಹೊಡಿ’ ಎಂದು ಹೊರಡಬೇಡಿ. ‘ಮಾಡಿದವರು ಯಾರೆಂದು ಓದುಗರಿಗೆ ಬೇಕಾ’ ಎಂದು ಕೇಳಿಕೊಳ್ಳಿ. ‘ಶಾಲೆಯನ್ನು 1956ರಲ್ಲಿ ಕಟ್ಟಲಾಯಿತು’ ಎಂದರೆ ಯಾರಿಗೂ ತೊಂದರೆಯಿಲ್ಲ. ‘ಅನುದಾನ ಬಳಸಲಾಗಿಲ್ಲ’ ಎಂದರೆ ತೊಂದರೆ ಇದೆ. ಕನ್ನಡದಲ್ಲಿ ಇದು ಸುಲಭ ಕೂಡ. ‘ಹೇಳಿದೆವು’, ‘ಕೇಳಿದರು’ ಎಂದಾಗ ಕ್ರಿಯಾಪದದ ಕೊನೆಯಲ್ಲೇ ಮನುಷ್ಯ ಇದ್ದಾನೆ. ‘ನಾವು’ ಎಂದು ಪದೇ ಪದೇ ಬರೆದು ಜಂಬ ಕೊಚ್ಚಿದಂತೆ ಕಾಣುವ ಭಯವೂ ಇಲ್ಲ.

ಕೇಶಿರಾಜನ ಬಗ್ಗೆ ಹೇಳಲೇಬೇಕು. ಅವನನ್ನು ವರದಿ ಸುಧಾರಿಸಲು ಓದಬೇಡಿ. ಸುಮಾರು 1260ರಲ್ಲಿ, ಹಳಗನ್ನಡದಲ್ಲಿ ಕಾವ್ಯ ಬರೆಯುವವರಿಗಾಗಿ ಬರೆದ ವ್ಯಾಕರಣ ಅದು. ಅಷ್ಟು ಹೊತ್ತಿಗಾಗಲೇ ಕನ್ನಡ ಬದಲಾಗುತ್ತಿತ್ತು. ತನಗಿಂತ ಹಿಂದಿನ ಕವಿಗಳ ಪ್ರಯೋಗವನ್ನೇ ಅವನು ಆಧಾರವಾಗಿ ಇಟ್ಟುಕೊಂಡ. ಅಂದರೆ ಅವನ ಕಾಲಕ್ಕೇ ಅದು ‘ಹಳೆಯ ಒಳ್ಳೆಯ ಕನ್ನಡ’ದ ಪುಸ್ತಕ. ಅದರಿಂದ ನಿಯಮ ಹೆಕ್ಕಿ ಈಗಿನ ಬರಹಕ್ಕೆ ಹಚ್ಚಿದರೆ ಏನಾಗುತ್ತದೆ? ಅರಿಸಮಾಸವನ್ನೇ ನೋಡಿ. ಕನ್ನಡ ಪದಕ್ಕೆ ಸಂಸ್ಕೃತ ಪದ ಸೇರಿಸಿ ಸಮಾಸ ಮಾಡಬಾರದು ಎನ್ನುವ ಮಾತು ಇನ್ನೂ ಹಳೆಯದು. ಒಂಬತ್ತನೇ ಶತಮಾನದ ಕವಿರಾಜಮಾರ್ಗದಲ್ಲೇ ಇದೆ. ಹಾಗೆ ಬೆರೆಸುವುದು ಕುದಿಯುವ ಹಾಲಿಗೆ ಮಜ್ಜಿಗೆ ಹನಿ ಹಾಕಿದಂತೆ ಎಂದು ಅಲ್ಲಿ ಹೇಳಿದೆ. ಈಗ ಪತ್ರಿಕೆ ತೆಗೆದರೆ ‘ನೆರೆಸಂತ್ರಸ್ತರು’, ‘ಬೆಳೆಪರಿಹಾರ’ ದಿನಾ ಕಾಣುತ್ತವೆ. ಯಾವ ಹಾಲೂ ಒಡೆದಿಲ್ಲ. ಇವನ್ನು ತಪ್ಪೆಂದು ತಿದ್ದಲು ಹೋದರೆ ಓದುಗರಿಗೆ ತಿಳಿಯದ ಪದ ಹುಟ್ಟಿಸಬೇಕಾಗುತ್ತದೆ. ಆದರೆ ಆ ಮಾತಿನ ಹಿಂದಿರುವ ಕಿವಿ ಇದೆಯಲ್ಲ, ಅದನ್ನು ಕಲಿಯಿರಿ. ಬರೆದದ್ದನ್ನು ಗಟ್ಟಿಯಾಗಿ ಓದಿ, ಎಲ್ಲಿ ನಾಲಿಗೆ ತೊಡರುತ್ತದೆ ಎಂದು ಕೇಳಿಸಿಕೊಳ್ಳಿ. ಕೇಶಿರಾಜನನ್ನು ಸಂತೋಷಕ್ಕಾಗಿ, ರಜೆಯ ದಿನ ಓದಿ. ಕಿಟ್ಟೆಲ್ 1872ರಲ್ಲಿ ಮಂಗಳೂರಿನಲ್ಲಿ ಅಚ್ಚು ಹಾಕಿಸುವಷ್ಟು ಅದು ಅವರನ್ನು ಹಿಡಿದಿತ್ತು. ನಿಮ್ಮನ್ನೂ ಹಿಡಿಯಬಹುದು.

ಹಾಗಾದರೆ ಏನು ಮಾಡಬೇಕು? ನಿಮ್ಮ ಮುಂದೆ ಕೆಲವು ದಾರಿಗಳಿವೆ.

ಪುಸ್ತಕಗಳನ್ನು ಮೊದಲಿನಿಂದ ಕೊನೆಯವರೆಗೆ ಓದಿ ಮುಗಿಸುವುದು ಒಂದು. ಶ್ರದ್ಧೆ ಇರುವವರು ಇದನ್ನೇ ಆರಿಸುತ್ತಾರೆ. ಇದರಲ್ಲಿ ಅಪಾಯ ಜಾಸ್ತಿ. ನಿಯಮಗಳು ತಲೆಯಲ್ಲಿ ತುಂಬಿ, ಬರೆಯಲು ಕೂತಾಗ ಮೊದಲ ವಾಕ್ಯವೇ ಹೊರಡದಂತಾಗುತ್ತದೆ. ಬೇರೆಯವರ ತಪ್ಪು ಹುಡುಕುವ ಚಟವೂ ಹತ್ತಿಕೊಳ್ಳುತ್ತದೆ. ಅಂಥವರ ಜೊತೆ ಕೆಲಸ ಮಾಡುವುದು ಕಷ್ಟ.

ನಾನು ಹೇಳುವುದು ಎರಡನೆಯ ದಾರಿ. ಒಂದು ಪುಸ್ತಕ, ಒಂದು ಬಾರಿಗೆ ಒಂದೇ ನಿಯಮ, ಅದೂ ನಿಮ್ಮದೇ ಬರಹದ ಮೇಲೆ. ಬರೆಯುವಾಗ ಪುಸ್ತಕ ಮುಚ್ಚಿಡಿ. ವರದಿ ಮುಗಿದು ಒಂದೆರಡು ದಿನ ಆದ ಮೇಲೆ ಪ್ರಿಂಟ್ ತೆಗೆದು ಪೆನ್ನು ಹಿಡಿದು ಕೂರಿ. ಮೊದಲು ಗವರ್ಸ್‌ನಿಂದ ಶುರು ಮಾಡಿ: ಇದನ್ನು ಓದುವವರು ಯಾರು, ಓದಿ ಏನು ಮಾಡಬೇಕು? ಅದಕ್ಕೆ ಬೇಡದ್ದನ್ನು ಹೊಡೆದುಹಾಕಿ. ಇನ್ನೊಂದು ವರದಿಯಲ್ಲಿ ಬರೀ ‘ಲಾಗಿದೆ, ಲಾಗುವುದು’ಗಳಿಗೆ ಪೆನ್ನಿನಿಂದ ಸುತ್ತು ಹಾಕಿ. ಮತ್ತೊಂದರಲ್ಲಿ ‘ಇದ್ದು’ಗಳಿಗೆ. ಎಲ್ಲವನ್ನೂ ಒಟ್ಟಿಗೆ ತಿದ್ದಬೇಡಿ, ಕೈ ಸೋಲುತ್ತದೆ.

ಇದರಲ್ಲೂ ಅಪಾಯ ಇದೆ. ಕತ್ತರಿ ಹಿಡಿದ ಹೊಸದರಲ್ಲಿ ಎಲ್ಲವೂ ಬೇಡದ್ದೇ ಎನಿಸುತ್ತದೆ. ಹಿರಿಯ ಮುಖ್ಯೋಪಾಧ್ಯಾಯರಿಗೆ ಬರೆಯುವ ಪತ್ರದಲ್ಲಿ ‘ಮಾನ್ಯರೇ, ಮೊನ್ನೆ ನೀವು ಬಿಡುವು ಮಾಡಿಕೊಂಡು ಶಾಲೆ ತೋರಿಸಿದ್ದಕ್ಕೆ ವಂದನೆಗಳು’ ಎನ್ನುವ ವಾಕ್ಯ ಬೇಡದ್ದಲ್ಲ. ಅದನ್ನು ತೆಗೆದು ‘ನಲ್ಲಿ ಯಾವಾಗ ಹಾಕಿಸುತ್ತೀರಿ’ ಎಂದು ಶುರು ಮಾಡಿದರೆ ನಲ್ಲಿಯೂ ಬರುವುದಿಲ್ಲ, ಮಾತೂ ನಿಲ್ಲುತ್ತದೆ. ಮರ್ಯಾದೆಯ ಮಾತು ಬೇರೆ, ಕಡತದ ಮಾತು ಬೇರೆ.

ರೆನ್ ಅಂಡ್ ಮಾರ್ಟಿನ್‌ನಲ್ಲೂ ಒಂದು ಭಾಗ ನಿಮಗೆ ಉಪಯೋಗವಿದೆ. ಹಿಂಬದಿಯ ರಚನಾ ಭಾಗದಲ್ಲಿ ಪ್ರೆಸಿ ಬರೆಯುವ ಅಧ್ಯಾಯ ನೋಡಿ. ಒಂದು ಗದ್ಯಭಾಗವನ್ನು ಮೂರನೇ ಒಂದು ಭಾಗಕ್ಕೆ ಇಳಿಸಿ ಸ್ವಂತ ಮಾತಿನಲ್ಲಿ ಬರೆಯುವ ಅಭ್ಯಾಸ ಅದು. ಈಗ ಹೆಚ್ಚಿನವರಿಗೆ ಬೇಡವಾದರೂ, ನನಗೆ ಗೊತ್ತಿರುವ ಮಟ್ಟಿಗೆ ವರದಿ ಬರೆಯುವವರಿಗೆ ಇದಕ್ಕಿಂತ ಒಳ್ಳೆಯ ಕಸರತ್ತಿಲ್ಲ. ಪುಸ್ತಕದ ತುಣುಕು ಬೇಡ, ನಿಮ್ಮದೇ ಹಳೆಯ ವರದಿ ತೆಗೆದುಕೊಳ್ಳಿ. ಒಂಬತ್ತು ಸಾಲಿನದನ್ನು ಮೂರು ಸಾಲಿಗೆ ಇಳಿಸಿ. ಇಂಗ್ಲಿಷ್ ವರದಿಯನ್ನೂ ಆ ಮೂರು ಸಾಲಿನಿಂದಲೇ ಶುರು ಮಾಡಿ. ಉದ್ದದ ಕನ್ನಡ ವಾಕ್ಯವನ್ನು ಹಾಗೇ ಇಂಗ್ಲಿಷಿಗೆ ಎಳೆಯುವುದರಿಂದಲೇ ಆ ವರದಿಯೂ ಕಡತದಂತಾಗುತ್ತಿದೆ.

ಹೊಸ ಆವೃತ್ತಿ ಕೊಳ್ಳಬೇಕೇ ಎಂದರೆ, ಗವರ್ಸ್ ಪುಸ್ತಕದ್ದು ಮಾತ್ರ ಕೊಳ್ಳಿ. ಅವರ ಮರಿಮೊಮ್ಮಗಳು ರೆಬೆಕಾ ಗವರ್ಸ್ 2014ರಲ್ಲಿ ಅದನ್ನು ಪರಿಷ್ಕರಿಸಿದ್ದಾರೆ, ಹಳೆಯದಾದ ಉದಾಹರಣೆಗಳ ತೊಡಕು ಕಡಿಮೆ. ಸ್ಟ್ರಂಕ್ 1918ರದ್ದು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ. ಅದರ ಮೊದಲ ಅರ್ಧ ಸಾಕು. ಕೊನೆಯ ತಪ್ಪು-ಒಪ್ಪು ಪದಪಟ್ಟಿಯನ್ನು ನಂಬಬೇಡಿ, ‘ಸಿಕ್ಸ್ ಪೀಪಲ್’ ಇರುವುದು ಅಲ್ಲೇ.

ಎಐ ವಿಷಯ. ಅಕ್ಷರತಪ್ಪು ಹಿಡಿಯಲು, ಇಂಗ್ಲಿಷಿನ ‘ಎ’, ‘ದಿ’ ಸರಿಮಾಡಲು ಬಳಸಿ. ಆದರೆ ನಿಮ್ಮ ನೀರಿನ ವಾಕ್ಯವನ್ನು ಕೊಟ್ಟರೆ ಅದು ನುಣುಪಾಗಿ ತಿದ್ದಿಕೊಡುತ್ತದೆ, ನಲ್ಲಿ ಮುರಿದಿತ್ತಾ ಎಂದು ಅದಕ್ಕೆ ಗೊತ್ತಿರುವುದಿಲ್ಲ. ನೋಡಿಬಂದವರು ನೀವು. ಯಜಮಾನರಿಗೆ ಇಷ್ಟು ಹೇಳಿ.

ಮಗಳ ವಿಷಯಕ್ಕೆ ಬಂದರೆ, ರೆನ್ ಅಂಡ್ ಮಾರ್ಟಿನ್ ಧಾರಾಳವಾಗಿ ಕೊಡಿ. ಅವಳ ವಯಸ್ಸಿಗೆ ಕಾಲ, ವಚನ, ವಾಕ್ಯರಚನೆಯ ಅಭ್ಯಾಸ ಬೇಕೇ ಬೇಕು, ಪರೀಕ್ಷೆಗೂ ಆಗುತ್ತದೆ. ‘ಐ’ ಬಂದರೆ ‘ಶಲ್’, ‘ಯು’ ಬಂದರೆ ‘ವಿಲ್’ ಎನ್ನುವಂಥ ಹಳೆಯ ಕಟ್ಟಳೆ ಕಂಡರೆ ಈಗ ಹಾಗೆ ಯಾರೂ ಬರೆಯುವುದಿಲ್ಲ ಎಂದು ಹೇಳಿಬಿಡಿ. ಪತ್ರಲೇಖನದ ಮಾದರಿಗಳನ್ನು ಮಾತ್ರ ಅವಳು ಬಾಯಿಪಾಠ ಮಾಡದಿರಲಿ. ಬದಲಿಗೆ ಅವಳಿಂದ ಶಾಲೆಯ ಹೆಡ್‌ಮಾಸ್ಟರಿಗೆ ನಿಜವಾದ ಒಂದು ಪತ್ರ ಬರೆಸಿ. ಲೈಬ್ರರಿಯಲ್ಲಿ ಯಾವ ಪುಸ್ತಕ ಬೇಕು, ಯಾಕೆ ಬೇಕು ಎಂದು ಅವಳೇ ಬರೆಯಲಿ. ಅದನ್ನು ನೀವಿಬ್ಬರೂ ಕೂತು, ಒಂದೇ ಪೆನ್ನಿನಿಂದ ತಿದ್ದಿ, ಕಳಿಸಿ.